ದೊಡ್ಡೇರಿಯ ಮುತ್ತಿಗೆಯೂ ಬೇಹಿನ ಬೇಡರೂ

ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆದ ಮಹನೀಯರು ಕೋಟೆಗಳನ್ನು ಕಟ್ಟಿದವರ ಹೆಸರನ್ನೂ, ಕೆರೆಗಳನ್ನು ಕಟ್ಟಿಸಿದವರ ಹೆಸರನ್ನೂ, ಯುದ್ಧಗಳಲ್ಲಿ ಗೆದ್ದವರ ಮತ್ತು ಸೋತವರ ಹೆಸರನ್ನೂ ಶ್ರಮಪಟ್ಟು ಸಂಗ್ರಹಿಸಿಟ್ಟಿದ್ದಾರೆ. ಆದರೆ ಆ ಯುದ್ಧಗಳ ಹಿಂದಿನ ರಾತ್ರಿಗಳಲ್ಲಿ ಶತ್ರುವಿನ ಪಾಳೆಯದ ಸುತ್ತಣ ಮೆಳೆಗಳಲ್ಲಿ ಅಡಗಿ ಕುಳಿತು, ಡೇರೆಗಳೆಷ್ಟು, ಆನೆಗಳೆಷ್ಟು, ನೀರಿಗೆ ಹೋಗುವ ದಾರಿ ಯಾವುದು, ಕಾವಲು ಬದಲಾಗುವ ಹೊತ್ತು ಯಾವುದು ಎಂಬುದನ್ನು ಕಂಡುಕೊಂಡು, ಬೆಳಕು ಹರಿಯುವುದರೊಳಗಾಗಿ ಹಿಂದಿರುಗಿದವರ ವಿಷಯವಾಗಿ ಹೆಚ್ಚು ಬರೆದವರಿಲ್ಲ. ಈ ಕೆಲಸಕ್ಕೆ ಕನ್ನಡದಲ್ಲಿ ಬೇಹು ಎಂಬ ಹಳೆಯ ಹೆಸರುಂಟು. ಈಚೆಗೆ ನಾವು ಗೂಢಚಾರರೆಂಬ ಸಂಸ್ಕೃತದ ಮಾತನ್ನೂ, ಅದಕ್ಕೆ ಮುಂಚೆ ಸರ್ಕಾರಗಳ ಬಳಕೆಯಲ್ಲಿದ್ದ ಹರಿಕಾರರೆಂಬ ಪಾರಸಿಯ ಮಾತನ್ನೂ ಹಿಡಿದೆವು. ಬೇಹೆಂಬುದು ಕಾವ್ಯಗಳಲ್ಲಿಯೂ ನಿಘಂಟಿನಲ್ಲಿಯೂ ಉಳಿದುಕೊಂಡಿದೆ. ಬೇಹಿನವನು ಹೆಸರನ್ನು ಬಿಟ್ಟುಹೋಗುವುದಿಲ್ಲ. ಹೆಸರು ಗೊತ್ತಾದರೆ ಅವನ ಕೆಲಸವೇ ಕೆಟ್ಟಿತು. ಆದಕಾರಣ ಚರಿತ್ರಕಾರನು ಅವನನ್ನು ಹುಡುಕಬೇಕಾದರೆ ಅವನ ಹೆಜ್ಜೆಯನ್ನೇ ಹಿಡಿದು ಹೋಗಬೇಕಾಗುವುದು. ಚಳ್ಳಕೆರೆಗೆ ಹತ್ತಿರದಲ್ಲಿಯೇ ಇರುವ ದೊಡ್ಡೇರಿಯಲ್ಲಿ 1695ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ನಡೆದ ಸಂಗತಿಯನ್ನು ಹೀಗೆ ಹೆಜ್ಜೆ ಹಿಡಿದು ನೋಡಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ.

ಕಾಡಿನ ಜನರನ್ನು ರಾಜ್ಯದ ಕಣ್ಣಾಗಿ ಮಾಡಿಕೊಳ್ಳಬೇಕೆಂಬ ವಿಚಾರವು ನಮ್ಮಲ್ಲಿ ಬಹಳ ಹಳೆಯದು. ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹುಲ್ಲುಗಾವಲುಗಳ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಪ್ರಕರಣವಿದೆ. ಬೇಟೆಗಾರರು ನಾಯಿಗಳೊಡನೆ ಅಡವಿಯಲ್ಲಿ ಸಂಚರಿಸುತ್ತಿರಬೇಕು. ಕಳ್ಳರೋ ಶತ್ರುಗಳೋ ಬರುವುದು ಕಂಡರೆ ತಾವು ಸಿಕ್ಕಿಬೀಳದಂತೆ ಬೆಟ್ಟವನ್ನೋ ಮರವನ್ನೋ ಏರಿ ಶಂಖವನ್ನೂದಿ ದುಂದುಭಿಯನ್ನು ಬಾರಿಸಬೇಕು. ಶತ್ರುಗಳ ಮತ್ತು ಆಟವಿಕರ ಚಲನವಲನಗಳನ್ನು ಪಾರಿವಾಳಗಳ ಮೂಲಕವಾಗಲಿ, ಸಾಲಾಗಿ ಎಬ್ಬಿಸಿದ ಹೊಗೆ ಬೆಂಕಿಗಳಿಂದಾಗಲಿ ಅರಸನಿಗೆ ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಬಿ. ಎಲ್. ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳು ಸುವರ್ಣಗಿರಿಯ ಅಧಿಕಾರಿಗಳಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಗಳು. ಇವುಗಳಲ್ಲಿ ಬೇಹಿನ ಮಾತಿಲ್ಲ, ಧರ್ಮದ ಮಾತಿದೆ. ಆದರೆ ಅದೇ ಅರಸನು ಬೇರೆ ಕಡೆಯ ಬಂಡೆಗಳಲ್ಲಿ, ತಾನು ಊಟಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಸುದ್ದಿಯನ್ನು ತರುವ ಪ್ರತಿವೇದಕರಿಗೆ ಯಾವ ಹೊತ್ತಿನಲ್ಲಾದರೂ ಪ್ರವೇಶವುಂಟೆಂದು ಬರೆಸಿದ್ದಾನೆ. ಅಡವಿಯ ಜನರನ್ನು ಸಮಾಧಾನದ ಮಾತಿನಿಂದಲೂ ಸ್ವಲ್ಪ ಬೆದರಿಕೆಯಿಂದಲೂ ಎಚ್ಚರಿಸಿದ್ದಾನೆ. ಇಸಿಲದ ಮಹಾಮಾತ್ರರಿಗೂ ತಮ್ಮ ಸುತ್ತಣ ಅಡವಿಯ ಚಿಂತೆ ಇದ್ದೇ ಇದ್ದಿರಬೇಕು.

ಅಡವಿಯೆಂದೊಡನೆ ವಾಚಕರು ಮಲೆನಾಡಿನ ಹೆಮ್ಮರಗಳ ಕತ್ತಲೆಯನ್ನು ನೆನೆಯಬಾರದು. ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯು ಕರ್ಣಾಟಕದಲ್ಲಿಯೇ ಅತ್ಯಲ್ಪ ಮಳೆಯನ್ನು ಕಾಣುವ ಸೀಮೆಗಳಲ್ಲೊಂದು. ಇಲ್ಲಿಯ ಕಾಡು ಕುರುಚಲು ಕಾಡು: ಕಾರೆ, ಜಾಲಿ, ತಂಗಡಿ, ಬಂದರಿಕೆ, ಕಳ್ಳಿ, ನಡುನಡುವೆ ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳ ಗುಡ್ಡಗಳು, ವರ್ಷದ ಬಹುಭಾಗ ಮರಳು ಮಾತ್ರ ಹರಿಯುವ ಹಳ್ಳಗಳು. ದೂರದಿಂದ ನೋಡಿದವನಿಗೆ ಇದು ಬಯಲೆಂದೇ ತೋರುವುದು. ಒಳಹೊಕ್ಕವನಿಗೆ ಮಾತ್ರ ಆಳುದ್ದದ ಮೆಳೆಯೊಂದರ ಹಿಂದೆ ನೂರು ಜನರು ಕುಳಿತಿರಬಹುದೆಂಬುದು ಗೊತ್ತಾಗುವುದು. ಇಂತಹ ನೆಲದಲ್ಲಿ ದೊಡ್ಡ ಸೈನ್ಯವು ಬಚ್ಚಿಟ್ಟುಕೊಳ್ಳಲಾರದು. ಅದರ ಧೂಳು ಮೂರು ಹರಿದಾರಿಯ ಆಚೆಗೆ ಕಾಣುತ್ತದೆ. ಅದು ಇಳಿಯಬೇಕಾದರೆ ಕೆರೆಯ ಬಳಿಯಲ್ಲಿಯೇ ಇಳಿಯಬೇಕು, ಕೆರೆಗಳಾದರೋ ಎಣಿಕೆಯವು. ಚಿಕ್ಕ ಗುಂಪಾದರೆ ಹೇಗೆ ಬೇಕಾದರೂ ಅಡಗಬಹುದು. ನೋಡುವವನಿಗೆ ಅನುಕೂಲವಾಗಿಯೂ ನೋಡಿಸಿಕೊಳ್ಳುವವನಿಗೆ ಪ್ರತಿಕೂಲವಾಗಿಯೂ ದೇವರು ನಿರ್ಮಿಸಿದ ನೆಲವಿದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಈ ನೆಲದ ಒಡೆಯರು ಬೇಡರು. ಹಟ್ಟಿಗಳಲ್ಲಿದ್ದುಕೊಂಡು ದನ ಮೇಯಿಸುವ ಮ್ಯಾಸಬೇಡರೂ, ಪಾಳೆಯಗಾರರ ಕೈಕೆಳಗೆ ಕಾಲಾಳುಗಳಾಗಿದ್ದ ಊರಬೇಡರೂ ಬೇಟೆಯನ್ನೂ ದನಗಾಹಿಯನ್ನೂ ಬಿಟ್ಟವರಲ್ಲ. ತಪ್ಪಿಸಿಕೊಂಡ ದನವನ್ನು ಹುಡುಕುವುದು, ಕದ್ದ ದನದ ಜಾಡನ್ನು ಹಿಡಿದು ಮುಂದಣ ಊರಿನ ಎಲ್ಲೆಯವರೆಗೆ ಮುಟ್ಟಿಸಿ ಆ ಊರಿನ ತಳವಾರನಿಗೆ ಒಪ್ಪಿಸುವುದು, ಇವೆಲ್ಲ ಅವರಿಗೆ ನಿತ್ಯದ ಕೆಲಸ. ಹಟ್ಟಿಯೊಂದರ ಹಿರಿಯರೊಬ್ಬರು ಈ ಲೇಖಕನಿಗೆ ಹಳ್ಳದ ಮರಳಿನಲ್ಲಿ ಒಂದು ಹೆಜ್ಜೆಯನ್ನು ತೋರಿಸಿ, “ಇದರ ಅಂಚು ಕುಸಿದಿಲ್ಲ ನೋಡಿ ಸ್ವಾಮಿ, ಇವೊತ್ತಿನದು, ಅದರ ಮೇಲೆ ಹುಳ ಹರಿದ ಗೆರೆ ಇಲ್ಲ, ಅಂದರೆ ಇರುಳು ಕಳೆದ ಮೇಲೆ ಇಟ್ಟದ್ದು, ಹಿಮ್ಮಡಿ ಆಳವಾಗಿ ಊರಿದೆ, ತಲೆಯ ಮೇಲೆ ಹೊರೆ ಇತ್ತು” ಎಂದು ವಿವರಿಸಿದರು. ಕೌಜುಗಗಳು ಗುಂಪಾಗಿ ಎದ್ದು ಹಾರಿದರೆ ಅದರ ಕೆಳಗೆ ಏನೋ ನಡೆಯುತ್ತಿದೆ, ಒಂದೊಂದಾಗಿ ಎದ್ದರೆ ಯಾರೋ ಕುಳಿತಿದ್ದಾರೆ ಎಂದೂ ಅವರು ಹೇಳಿದರು. ಎರಡನೆಯ ಮಾತಿನ ನಿಜಾನಿಜವನ್ನು ಪರೀಕ್ಷಿಸುವ ಯೋಗ್ಯತೆ ನಮಗಿಲ್ಲ. ಮೊದಲನೆಯದನ್ನು ಮಾತ್ರ ಅರ್ಧ ಗಂಟೆಯೊಳಗಾಗಿ, ಸೌದೆಯ ಹೊರೆಯನ್ನಿಳಿಸಿಕೊಂಡು ಬೇವಿನ ಮರದಡಿ ಕುಳಿತಿದ್ದ ಹೆಂಗಸೊಬ್ಬಳು ಸತ್ಯವೆಂದು ತೋರಿಸಿಕೊಟ್ಟಳು.

ಇಂತಹವರ ನಡುವಿನಿಂದ ಎದ್ದ ಚಿತ್ರದುರ್ಗದ ನಾಯಕರ ವಂಶದ ಮೊದಲ ಕಥೆಯೇ ಶತ್ರುವಿನ ಪಾಳೆಯವನ್ನು ಇರುಳಿನಲ್ಲಿ ಹೊಕ್ಕ ಕಥೆಯಾಗಿರುವುದು ಆಕಸ್ಮಿಕವಲ್ಲವೆಂದು ತೋರುವುದು. ಮೂಲಪುರುಷನಾದ ತಿಮ್ಮಣ್ಣನಾಯಕನ ಮೇಲೆ ವಿಜಯನಗರದ ದಂಡು ಬಂದಿಳಿದಿದ್ದಾಗ, ಅವನು ಒಬ್ಬನೇ ರಾತ್ರಿ ಲಾಯದೊಳಕ್ಕೆ ನುಸುಳಿ ಸಾಳುವ ನರಸಿಂಗರಾಯನ ಕುದುರೆಯನ್ನು ಬಿಚ್ಚುತ್ತಿರಲು, ಸಪ್ಪಳಕ್ಕೆ ಎಚ್ಚೆತ್ತ ಕುದುರೆಯಾಳು ಗೂಟವನ್ನು ಮತ್ತೆ ನೆಟ್ಟನಂತೆ. ಹುಲ್ಲಿನೊಳಗೆ ಹುದುಗಿದ್ದ ನಾಯಕನ ಅಂಗೈಯ ಮೂಲಕವೇ ಆ ಗೂಟವು ನೆಲಕ್ಕಿಳಿಯಿತು. ನಾಯಕನು ಉಸಿರೆತ್ತದೆ ಬಿದ್ದಿದ್ದು, ಆಳು ನಿದ್ರೆಹೋದ ಮೇಲೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಕುದುರೆಯನ್ನು ಹೊಡೆದುಕೊಂಡು ಹೋದನೆಂದು ಐತಿಹ್ಯವು ಹೇಳುತ್ತದೆ. ತಿಮ್ಮಣ್ಣನಾಯಕನ ಕಾಲವನ್ನು 16ನೆಯ ಶತಮಾನದ ಉತ್ತರಾರ್ಧವೆಂದು ಇಡುವುದರಿಂದ, 1491ರಲ್ಲಿ ತೀರಿಕೊಂಡ ಅರಸು ಸಾಳುವ ನರಸಿಂಹನಿಗೂ ಇದಕ್ಕೂ ಹೊಂದಿಕೆಯಾಗುವುದಿಲ್ಲ. ಹೆಸರು ಬೇರೆಯಿರಲಿ, ಕಥೆಯೇ ಬೆಳೆದದ್ದಿರಲಿ, ತಮ್ಮ ಮೂಲಪುರುಷನಲ್ಲಿ ಯಾವ ಗುಣವನ್ನು ಕೊಂಡಾಡಬೇಕೆಂದು ದುರ್ಗದವರು ನಿಶ್ಚಯಿಸಿಕೊಂಡಿದ್ದರೆಂಬುದು ಮಾತ್ರ ಇದರಿಂದ ಸ್ಪಷ್ಟವಾಗುವುದು. ಶತ್ರುವಿನ ನಡುವೆ ಮೌನವಾಗಿ ಬಿದ್ದಿರಬಲ್ಲವನೇ ಅವರ ದೃಷ್ಟಿಯಲ್ಲಿ ವೀರನು.

ಇನ್ನು ದೊಡ್ಡೇರಿಯ ಸಂಗತಿ. ಬಿಜಾಪುರವು 1686ರಲ್ಲಿಯೂ ಗೋಲ್ಕೊಂಡವು 1687ರಲ್ಲಿಯೂ ಬಿದ್ದಮೇಲೆ ಔರಂಗಜೇಬನು ಕರ್ಣಾಟಕದ ಈ ಭಾಗವನ್ನು ಶಿರಾದ ಸುಭಾಗೆ ಸೇರಿಸಿ ಕಾಸಿಮಖಾನನೆಂಬ ಸರದಾರನನ್ನು ಅಲ್ಲಿ ನಿಲ್ಲಿಸಿದನು. ಬೆಂಗಳೂರನ್ನು 1687ರಲ್ಲಿ ಹಿಡಿದು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗಳಿಗೆ ಕೊಟ್ಟವನು ಇವನೇ. ಶೂರನೂ ದಕ್ಷನೂ ಆಗಿದ್ದನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸುತ್ತಣ ಪಾಳೆಯಗಾರರಿಗೆ ಅವನ ದೆಸೆಯಿಂದ ಉಪದ್ರವವು ಬಹಳವಾಗಿತ್ತು. ಚಿತ್ರದುರ್ಗದಲ್ಲಿ ಆಗ ಆಳುತ್ತಿದ್ದ ಭರಮಪ್ಪನಾಯಕನು (1689-1721) ಅವನಿಂದ ನೊಂದವರಲ್ಲೊಬ್ಬನಾಗಿದ್ದನೆಂದು ಮೊಗಲರ ಕಡೆಯ ಬರವಣಿಗೆಯೇ ಒಪ್ಪಿಕೊಳ್ಳುತ್ತದೆ.

1695ರ ಮಳೆಗಾಲ ಕಳೆದ ಮೇಲೆ ಮರಾಠರ ಸೇನಾಪತಿಯಾದ ಸಂತಾಜಿ ಘೋರ್ಪಡೆಯು ಬಿಜಾಪುರದ ಕಡೆಯನ್ನು ಕೊಳ್ಳೆಹೊಡೆದು ಭಾರವಾದ ಸಾಮಗ್ರಿಯೊಡನೆ ದಕ್ಷಿಣಕ್ಕೆ ಇಳಿಯುತ್ತಿದ್ದನು. ಭೀಮಾತೀರದ ಬ್ರಹ್ಮಪುರಿಯಲ್ಲಿ ಪಾಳೆಯ ಬಿಟ್ಟಿದ್ದ ಬಾದಶಹನು ಈ ಸುದ್ದಿಯನ್ನು ಕೇಳಿ, ದಾರಿಯನ್ನು ಕಟ್ಟಬೇಕೆಂದು ಕಾಸಿಮಖಾನನಿಗೆ ಅಪ್ಪಣೆಮಾಡಿದ್ದಲ್ಲದೆ, ತನ್ನ ಸನಿಹದಲ್ಲಿಯೇ ಇದ್ದ ಖಾನಾಜಾದಖಾನನೇ ಮುಂತಾದ ಹೆಸರುವಾಸಿಯಾದ ಸರದಾರರನ್ನು ಅವನ ಸಹಾಯಕ್ಕೆ ಕಳುಹಿಸಿದನು. ಇವರೆಲ್ಲರೂ ದೊಡ್ಡ ಮನೆತನದವರು. ಇಂತಹ ಅತಿಥಿಗಳು ಬಂದಾಗ ತನ್ನ ಐಶ್ವರ್ಯವನ್ನು ತೋರಿಸಬೇಕೆಂದು ಕಾಸಿಮಖಾನನಿಗೆ ಆಸೆಯಾಯಿತು. ಅವನು ಆದವಾನಿಯಿಂದ ತನ್ನ ಅಲಂಕಾರದ ಡೇರೆಗಳನ್ನೂ, ಚಿನ್ನ ಬೆಳ್ಳಿ ಚೀಣಿಯ ಪಾತ್ರೆಗಳನ್ನೂ ತರಿಸಿ, ಮರುದಿನದ ಬಿಡಾರಕ್ಕೆಂದು ಸುಮಾರು 6 ಮೈಲಿ ಮುಂದಕ್ಕೆ ಕಳುಹಿಸಿ ಹಾಕಿಸಿದನು. ಕಾದಾಡಲು ಹೊರಟವನು ಔತಣದ ಚಪ್ಪರವನ್ನು ಸೈನ್ಯಕ್ಕಿಂತ ಮುಂದೆ ಹಾಕಿಸಿದುದು ವಿಚಿತ್ರವೇ ಸರಿ. ಆದರೆ ಮೊಗಲ ಪಾಳೆಯದಲ್ಲಿ ಮುಂದಿನ ಬಿಡಾರವನ್ನು ಮೊದಲೇ ಹೂಡಿಸುವುದು ವಾಡಿಕೆಯಾಗಿತ್ತಾದುದರಿಂದ ಅವನಿಗೆ ಅದು ಹೆಚ್ಚಿನ ತಪ್ಪೆಂದು ತೋರಲಿಲ್ಲ.

ಈ ಡೇರೆಗಳ ವರ್ತಮಾನವು ಸಂತಾಜಿಗೆ ಒಡನೆಯೇ ಮುಟ್ಟಿತು. ಅವನು ತನ್ನ ದಂಡನ್ನು ಮೂರು ಪಾಲುಮಾಡಿದನು. ಒಂದು ಪಾಲು ಮುಂದಿನ ಡೇರೆಗಳ ಮೇಲೆ ಬೀಳತಕ್ಕದ್ದು. ಎರಡನೆಯದು ಅದರ ರಕ್ಷಣೆಗೆ ಬರುವ ಖಾನನನ್ನು ದಾರಿಯಲ್ಲಿ ತಡೆಯತಕ್ಕದ್ದು. ಮೂರನೆಯದು ಕೈಗಾವಲಾಗಿ ಬೇಕಾದ ಕಡೆಗೆ ಹೋಗತಕ್ಕದ್ದು. ಬೆಳಗಿನ ಹೊತ್ತಿನಲ್ಲಿ ಮೊದಲ ಪಾಲು ಡೇರೆಗಳನ್ನು ಮುತ್ತಿ, ಕಾವಲಿನವರನ್ನು ಕೊಂದು, ಎಲ್ಲವನ್ನೂ ಸುಲಿದು ಬೆಂಕಿಯಿಟ್ಟಿತು. ಕಾಸಿಮಖಾನನು ಈ ಸುದ್ದಿಯನ್ನು ಕೇಳಿ, ಅತಿಥಿಯಾದ ಖಾನಾಜಾದಖಾನನನ್ನು ನಿದ್ರೆಯಿಂದ ಎಬ್ಬಿಸುವುದಕ್ಕೂ ಮನಸ್ಸಾಗದೆ, ತಾನೊಬ್ಬನೇ ಮುಂದೆ ಓಡಿದನು. ಎರಡು ಮೈಲಿ ಹೋಗುವಷ್ಟರಲ್ಲಿಯೇ ಎರಡನೆಯ ಪಾಲು ಅವನಿಗೆ ಎದುರಾಯಿತು. ಖಾನಾಜಾದಖಾನನು ಎದ್ದು ಸಂಗತಿಯನ್ನು ತಿಳಿದು, ಸಾಮಾನುಸರಂಜಾಮುಗಳನ್ನೆಲ್ಲ ಬಿಡಾರದಲ್ಲಿಯೇ ಬಿಟ್ಟು ಸ್ನೇಹಿತನ ಸಹಾಯಕ್ಕೆ ಧಾವಿಸಿದನು. ಅವನು ಅತ್ತ ಹೋಗುತ್ತಲೇ ಇತ್ತ ಮೂರನೆಯ ಪಾಲು ಬಂದು ಬರಿದಾದ ಬಿಡಾರವನ್ನು ಹೊಕ್ಕಿತು. ಮದ್ದು, ಗುಂಡು, ಧಾನ್ಯ, ಬಟ್ಟೆ, ಭಾಂಡ ಯಾವುದೂ ಉಳಿಯಲಿಲ್ಲ.

ನಡುದಾರಿಯಲ್ಲಿ ಸಿಕ್ಕಿಬಿದ್ದ ಮೊಗಲ ಸರದಾರರು ಹತ್ತಿರದಲ್ಲಿ ದೊಡ್ಡೇರಿಯ ಚಿಕ್ಕ ಕೋಟೆಯೊಂದಿದೆ, ಅದರ ಮುಂದೆ ಕೆರೆಯಿದೆ ಎಂದು ತಿಳಿದು, ಹೋರಾಡುತ್ತ ಹೋರಾಡುತ್ತ ಅಲ್ಲಿಗೆ ಹೋಗಿ ಸೇರಿದರು. ಕೋಟೆಯಲ್ಲಿದ್ದ ಸಣ್ಣ ಕಾವಲುದಂಡು, ಇಷ್ಟು ಜನಕ್ಕೆ ಅನ್ನವೆಲ್ಲಿಂದ ತರುವುದೆಂದು ಬಾಗಿಲನ್ನು ಮುಚ್ಚಿಬಿಟ್ಟಿತು. ಬಾದಶಹನ ಸೈನ್ಯವು ಬಾದಶಹನದೇ ಕೋಟೆಯ ಹೊರಗೆ ಕೆರೆಯ ದಂಡೆಯಲ್ಲಿ ಬಿದ್ದಿತು. ಮೂರು ದಿನಗಳು ಶತ್ರುಗಳು ಸುತ್ತಲೂ ಸುಳಿದಾಡುತ್ತಿದ್ದರೇ ಹೊರತು ಕೈಮಾಡಲಿಲ್ಲ. ನಾಲ್ಕನೆಯ ದಿನ ಸೂರ್ಯೋದಯಕ್ಕೆ ಭರಮಪ್ಪನಾಯಕನು ಕಳುಹಿಸಿದ ಸಾವಿರಾರು ಬಂದೂಕಿನ ಕಾಲಾಳುಗಳು ಬಂದರು. ಪಾರಸಿಯ ಬರಹಗಾರರು ಇವರನ್ನು ಕಾಲಾ ಪಿಯಾದಾ, ಎಂದರೆ ಕರಿಯ ಕಾಲಾಳುಗಳು ಎಂದು ಕರೆದಿದ್ದಾರೆ. ಇವರೇ ನಮ್ಮ ಬೇಡರು. ಇವರ ಗುರಿಯು ತಪ್ಪುತ್ತಿರಲಿಲ್ಲವೆಂದು ಗುರಿಗೆ ಸಿಕ್ಕಿದವರ ಕಡೆಯವರೇ ಬರೆದಿಟ್ಟಿರುವುದರಿಂದ ನಾವು ಅದನ್ನು ನಂಬಬಹುದು. ಮೊಗಲರ ಬಳಿ ಪ್ರತಿಯಾಗಿ ಹೊಡೆಯಲು ಮದ್ದುಗುಂಡುಗಳಿರಲಿಲ್ಲ. ಅವೆಲ್ಲ ಬಿಡಾರದೊಡನೆ ಹೋಗಿದ್ದವು. ಎರಡು ಬಿಡಾರಗಳಲ್ಲಿಯೂ, ದಾರಿಯಲ್ಲಿಯೂ, ಕೆರೆಯ ದಡದಲ್ಲಿಯೂ ಸೈನ್ಯದ ಮೂರರಲ್ಲೊಂದು ಪಾಲು ನಾಶವಾಯಿತು. ಸರದಾರರು ಒಟ್ಟುಗೂಡಿ ಆಲೋಚಿಸಿ, ಸಾಮಾನ್ಯ ಸಿಪಾಯಿಗಳಿಗೆ ತಿಳಿಯದಂತೆ ತಾವು ಮೊದಲು ಕೋಟೆಯೊಳಕ್ಕೆ ಸೇರಿಕೊಂಡರು. ಹೊರಗುಳಿದವರು ಆಮೇಲೆ ನುಗ್ಗಿದರು.

ಒಳಗೆ ಇದ್ದ ಧಾನ್ಯವು ಬೇಗನೆ ಮುಗಿಯಿತು. ಕುದುರೆಗಳು ಮನೆಗಳ ಚಾವಣಿಯ ಹುಲ್ಲನ್ನು ತಿಂದವು. ಅಫೀಮಿನ ಚಟವಿದ್ದ ಕಾಸಿಮಖಾನನು ಅದು ದೊರೆಯದೆ ಸತ್ತನೆಂದು ಕೆಲವರೂ, ಬಾದಶಹನ ಮುಖವನ್ನು ನೋಡಲಾರದೆ ವಿಷ ಕುಡಿದನೆಂದು ಕೆಲವರೂ ಹೇಳುವರು. ಕೊನೆಗೆ ಖಾನಾಜಾದಖಾನನು 20 ಲಕ್ಷ ರೂಪಾಯಿಗಳ ದಂಡವನ್ನೊಪ್ಪಿ, ಆನೆ ಕುದುರೆ ಒಂಟೆ ನಗನಾಣ್ಯಗಳನ್ನೆಲ್ಲ ಬಿಟ್ಟುಕೊಟ್ಟು ಹೊರಬಂದನು. ಹಸಿದು ಹೊರಬಿದ್ದ ಸಿಪಾಯಿಗಳಿಗೆ ಬಾಗಿಲಿನಲ್ಲಿ ಮರಾಠರೇ ರೊಟ್ಟಿಯನ್ನೂ ನೀರನ್ನೂ ಕೊಟ್ಟರೆಂಬುದನ್ನೂ ಇಲ್ಲಿ ಹೇಳಬೇಕು. ಆ ಮಾತು ಸೋತವರ ಕಡೆಯ ಬರವಣಿಗೆಯಲ್ಲಿಯೇ ಇದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮುಂದಿನ ಡೇರೆಗಳು ಎಲ್ಲಿವೆ, ಅವುಗಳ ಕಾವಲು ಎಷ್ಟು ತೆಳುವಾಗಿದೆ, ಇಬ್ಬರು ಖಾನರು ಎಷ್ಟು ದೂರದಲ್ಲಿ ಮಲಗಿದ್ದಾರೆ ಎಂಬುದು ಸಂತಾಜಿಗೆ ಹೇಗೆ ತಿಳಿಯಿತು? ಅವನ ಪಾಲುಗಾರಿಕೆಯನ್ನು ಗಮನವಿಟ್ಟು ನೋಡಿದರೆ, ಡೇರೆಗಳ ಸ್ಥಳವನ್ನಷ್ಟೇ ಅಲ್ಲದೆ, ರಕ್ಷಣೆಗೆ ಬರುವವನು ಯಾವ ದಾರಿಯಿಂದ ಬರಲೇಬೇಕು, ಅವನು ಬಂದಮೇಲೆ ಹಿಂದೆ ಏನು ಉಳಿಯುವುದು ಎಂಬುದೂ ಅವನಿಗೆ ಕರತಲಾಮಲಕವಾಗಿತ್ತೆಂದು ಕಾಣುವುದು. ಮರಾಠರಿಗೆ ಸ್ವಂತ ಬೇಹುಗಾರರಿರಲಿಲ್ಲವೆಂದು ನಾವು ಹೇಳುವುದಿಲ್ಲ. ಶಿವಾಜಿಯ ಕಾಲದಿಂದಲೂ ಆ ಕಲೆಯಲ್ಲಿ ಅವರು ನಿಪುಣರು. ಬಹಿರ್ಜಿ ನಾಯಕನ ಹೆಸರು ಆ ನಾಡಿನಲ್ಲಿ ಮನೆಮಾತಾಗಿದೆ. ಆದರೆ ಕುದುರೆಯ ಮೇಲೆ ಬರುವ ಪರಸ್ಥಳದ ಬೇಹುಗಾರನು ಬಯಲಿನಲ್ಲಿ ಕಣ್ಣಿಗೆ ಬೀಳದೆ ಇರಲಾರನು. ಆಡುಗಳನ್ನಟ್ಟಿಕೊಂಡು, ಹೆಗಲಮೇಲೆ ಕಂಬಳಿಯನ್ನು ಹಾಕಿಕೊಂಡು, ಡೇರೆಗಳ ಪಕ್ಕದಲ್ಲಿಯೇ ಹಾದುಹೋಗುವವನನ್ನು ಯಾವ ಕಾವಲಿನವನು ತಡೆದಾನು? ಸಾವಿರಾರು ಬಂದೂಕುಗಾರರನ್ನು ಕಳುಹಿಸಿದ ಭರಮಪ್ಪನಾಯಕನು ಸುದ್ದಿಯನ್ನು ಮಾತ್ರ ಕಳುಹಿಸಲಿಲ್ಲವೆಂದು ನಂಬುವುದು ಕಷ್ಟ. ಆ ಮೂರು ದಿನಗಳ ಸುಮ್ಮನಿರುವಿಕೆಯೂ ನಮಗೆ ಇದನ್ನೇ ಸೂಚಿಸುವುದು. ಮದ್ದುಗುಂಡುಗಳು ಹೋಗಿವೆ, ಧಾನ್ಯವಿಲ್ಲ, ಬಾಗಿಲು ತೆರೆಯಲಿಲ್ಲ ಎಂಬುದನ್ನು ಬಲ್ಲವರಿಗೆ ಆತುರವೇನು? ಇದು ಊಹೆಯೇ ಹೊರತು ಲಿಖಿತ ಸಾಕ್ಷ್ಯವಲ್ಲ. ಆದರೆ ಸಂಗತಿಗಳ ಕೊಂಡಿಗಳು ಬೇರೆ ರೀತಿಯಲ್ಲಿ ಕೂಡುವುದಿಲ್ಲ. ದೊಡ್ಡೇರಿಯ ಜಯವನ್ನು ಸಂತಾಜಿಯ ಚಾತುರ್ಯದ ಲೆಕ್ಕಕ್ಕೆ ಪೂರ್ತಿಯಾಗಿ ಬರೆದುಕೊಳ್ಳುವ ಇತಿಹಾಸಕಾರರು, ಆ ಚಾತುರ್ಯಕ್ಕೆ ಕಣ್ಣುಗಳನ್ನು ಒದಗಿಸಿದ ನೆಲದವರಿಗೆ ಒಂದು ಸಾಲನ್ನಾದರೂ ಕೊಡಬೇಕಾಗಿತ್ತು.

ಎರಡು ತಿಂಗಳೊಳಗಾಗಿ, 1696ನೆಯ ಇಸವಿ ಜನವರಿ 20ರಂದು, ದೊಡ್ಡೇರಿಯವರ ಸಹಾಯಕ್ಕೆಂದು ಹೊರಟು ಬಸವಾಪಟ್ಟಣದಲ್ಲಿ ನಿಂತಿದ್ದ ಹಿಮ್ಮತಖಾನನೂ ಸಂತಾಜಿಯೊಡನೆ ಕಾದಿ, ಹಣೆಗೆ ಬಂದೂಕಿನ ಗುಂಡು ತಗುಲಿ ಮಡಿದನು. ಅಲ್ಲಿಯೂ ಮುಂದಾಗಿ ನಿಂತಿದ್ದವರು ಕರ್ಣಾಟಕದ ಬಂದೂಕಿನ ಕಾಲಾಳುಗಳೇ. ಸಂತಾಜಿಯ ಕಡೆಗಾಲವನ್ನು ನೆನೆದರೆ ಮರುಕವಾಗುವುದು. 1697ರಲ್ಲಿ ಸ್ವಪಕ್ಷದವರಿಂದಲೇ ದೂರನಾಗಿ ಅಲೆಯುತ್ತಿದ್ದಾಗ ಅವನ ಹೆಜ್ಜೆಯನ್ನು ಹಿಡಿದು ಬಂದ ನಾಗೋಜಿ ಮಾನೆಯು ಅವನನ್ನು ಕೊಂದನು. ಹಳ್ಳವೊಂದರಲ್ಲಿ ಒಬ್ಬಂಟಿಗನಾಗಿ ಸ್ನಾನಮಾಡುತ್ತಿದ್ದಾಗ ಇದು ನಡೆಯಿತೆಂದು ಒಂದು ವೃತ್ತಾಂತವಿದೆ.

ಬೇಡರ ಈ ವಿದ್ಯೆಯ ಕೊನೆಯ ದೊಡ್ಡ ಪರೀಕ್ಷೆಯು ದುರ್ಗದ ಬಾಗಿಲಲ್ಲಿಯೇ ಆಯಿತು. ಕೊನೆಯ ಮದಕರಿನಾಯಕನ ಮೇಲೆ ಹೈದರಲ್ಲಿಯು 1777ರಲ್ಲಿ ಬಂದನು. ಕೋಟೆಯು 1779ರ ವರೆಗೆ ಬೀಳಲಿಲ್ಲ. ಕರ್ನಲ್ ವಿಲ್ಕ್ಸ್ ಸಾಹೇಬರ ಗ್ರಂಥದಲ್ಲಿ ಈ ಮುತ್ತಿಗೆಯ ವರ್ಣನೆಯಿದೆ. ಪ್ರತಿ ಸೋಮವಾರವೂ ಬೇಡರು ದೇವಿಯ ಪೂಜೆಯನ್ನು ಮುಗಿಸಿ, ಕೊಂಬನ್ನೂದಿ, ಕೋಟೆಯಿಂದ ಹೊರಬಿದ್ದು ಶತ್ರುಗಳ ಮೇಲೆ ಬೀಳುತ್ತಿದ್ದರಂತೆ. ದಿನವೂ ಗೊತ್ತು, ಹೊತ್ತೂ ಗೊತ್ತು, ಕೊಂಬಿನ ದನಿಯೂ ಕೇಳುತ್ತದೆ. ಎಲ್ಲಿ ಬೀಳುವರೆಂಬುದೊಂದು ಮಾತ್ರ ಹೈದರನ ಪಾಳೆಯಕ್ಕೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೋಟೆ ಬಿದ್ದಮೇಲೆ ದೇವಿಯ ಗುಡಿಯ ಮುಂದೆ ಸುಮಾರು 2,000 ತಲೆಗಳು ಸಾಲುಸಾಲಾಗಿ ರಾಶಿಹಾಕಿದ್ದುವೆಂದು ವಿಲ್ಕ್ಸರು ಬರೆದಿದ್ದಾರೆ. ಮೈ ನಡುಗುವ ಲೆಕ್ಕವಿದು. ಆದರೆ ಎಲ್ಲಿ ಕಾವಲು ಸಡಿಲವಾಗಿದೆಯೆಂದು ವಾರವಾರವೂ ತಪ್ಪದೆ ತಿಳಿದುಬರುತ್ತಿದ್ದವರು ಇಲ್ಲದೆ ಇಂತಹ ದಾಳಿಗಳು ನಡೆಯುವುದು ಸಾಧ್ಯವೇ?

ಹೈದರನ ಕಡೆಗೂ ಕಣ್ಣುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಮೈಸೂರಿನ ಅಂಚೆಯು ಕಾಗದಗಳನ್ನು ಒಯ್ಯುವುದರ ಜೊತೆಗೆ ಊರೂರಿನ ಗುಟ್ಟುಗಳನ್ನು ಅರಮನೆಗೆ ಮುಟ್ಟಿಸುವ ಇಲಾಖೆಯೂ ಆಗಿತ್ತು. ಹೈದರನು ಅದನ್ನು ಇನ್ನೂ ಬಿಗಿಗೊಳಿಸಿದನು. ಅದರ ಮೇಲಧಿಕಾರಿಯಾಗಿದ್ದ ಅಂಚೆ ಶಾಮಯ್ಯನ ಹೆಸರನ್ನು ಕೇಳಿದರೆ ಜನರು ಬೆದರುತ್ತಿದ್ದರು. ದುರ್ಗದ ಬಂಡೆಗಳ ಸಂದಿಯೊಂದರಿಂದ ಮನುಷ್ಯರು ಹೋಗಿಬರುವುದನ್ನು ಹೈದರನ ಕಡೆಯವರು ಕಂಡುಕೊಂಡು ಅದರಲ್ಲಿ ನುಸುಳಿದರೆಂಬ ಓಬವ್ವನ ಕಥೆಯು ಸರ್ವರಿಗೂ ತಿಳಿದುದೇ. ಇದು ಜನರ ಬಾಯಲ್ಲಿ ಉಳಿದುಬಂದ ಐತಿಹ್ಯ. ವಿಲ್ಕ್ಸರು ಇದನ್ನು ಹೇಳಿಲ್ಲ. ಆದರೂ ಕಥೆಯ ಮೊದಲರ್ಧವು ಬೇಹಿನ ಕಥೆ ಎಂಬುದನ್ನು ಒನಕೆಯ ಪ್ರಭಾವದಲ್ಲಿ ನಾವು ಮರೆಯುತ್ತೇವೆ. ಕೋಟೆಯ ಜನರಿಗೆ ನಿತ್ಯದ ದಾರಿಯಾಗಿದ್ದುದನ್ನು ಹೊರಗಿನವನೊಬ್ಬನು ಹೊಸ ಕಣ್ಣಿನಿಂದ ನೋಡಿದನು. ಓಬವ್ವನ ಗಂಡನು ಕಹಳೆಯವನಾಗಿದ್ದನೆಂದು ಕಥೆಯು ಹೇಳುವುದೂ, ವಿಲ್ಕ್ಸರು ಕೊಂಬಿನ ದನಿಯನ್ನು ವರ್ಣಿಸಿರುವುದೂ ಒಂದಕ್ಕೊಂದು ಹೊಂದಿಕೊಳ್ಳುವುದು ಸ್ವಾರಸ್ಯವಾಗಿದೆ.

ಕೋಟೆಯು ಬಿದ್ದುದು ಕಿಂಡಿಯಿಂದಲ್ಲ. ನಾಯಕನ ಸೇವೆಯಲ್ಲಿ 3,000 ಮಂದಿ ಮುಸಲ್ಮಾನ ಸಿಪಾಯಿಗಳಿದ್ದರು. ಅಲ್ಲಿಯವರೆಗೆ ಅವರು ನಂಬಿಕೆಯಿಂದ ಕಾದಿದ್ದರು. ಕೋಟೆಯ ಕೆಳಗಣ ಬಯಲಿನಲ್ಲಿ, ಹೈದರನ ಪಾಳೆಯದ ಹತ್ತಿರದಲ್ಲಿ, ಅವರು ಗುರುವೆಂದು ಭಾವಿಸಿದ್ದ ಫಕೀರನೊಬ್ಬನು ವಾಸವಾಗಿದ್ದನು. ಎರಡು ಕಡೆಯವರೂ ಅವನನ್ನು ತಡೆಯುತ್ತಿರಲಿಲ್ಲ. ಹೈದರನು ಅವನ ಮೂಲಕ ಒಳಗಿನ ಸರದಾರರೊಡನೆ ಮಾತುಕತೆ ನಡೆಸಿದನೆಂದು ವಿಲ್ಕ್ಸರು ಹೇಳುವರು. ಇದನ್ನು ಮತದ ಮಾತಾಗಿ ಮಾಡುವವರ ಅಭಿಪ್ರಾಯವು ನಮಗೆ ಒಪ್ಪಿಗೆಯಲ್ಲ. ಅದೇ ಶತಮಾನದಲ್ಲಿ ಎಲ್ಲ ಮತದವರ ಕೋಟೆಗಳೂ ಎಲ್ಲ ಮತದವರ ಹಣಕ್ಕೆ ಬಾಗಿಲು ತೆರೆದಿವೆ. ನಮಗೆ ಆಶ್ಚರ್ಯವಾಗುವುದು ಬೇರೆಯದು. ಇರುಳಿನಲ್ಲಿ ಮೆಳೆಯ ಹಿಂದೆ ಉಸಿರಾಡಿದವನನ್ನು ಗುರುತಿಸಬಲ್ಲ ಜನರು, ಹಗಲಿನಲ್ಲಿ ಬಯಲಿನ ನಡುವೆ ಕುಳಿತಿದ್ದವನ ಬಳಿಗೆ ಯಾರು ಯಾರು ಹೋಗಿಬರುತ್ತಿದ್ದಾರೆಂಬುದನ್ನು ನೋಡಲಿಲ್ಲ. ಅಥವಾ ನೋಡಿದರೂ ಹೇಳಲಿಲ್ಲ. ಅಥವಾ ಹೇಳಿದರೂ ನಾಯಕನು ಕೇಳಲಿಲ್ಲ. ಮೂರರಲ್ಲಿ ಯಾವುದು ನಿಜವಾಗಿದ್ದರೂ ದುಃಖದ ಸಂಗತಿಯೇ.

ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಅವನೊಡನೆ ಸುಮಾರು 20,000 ಮಂದಿ ಬೇಡರನ್ನು ಹೈದರನು ಸಾಗಿಸಿದನು. ಅವರ ಗಂಡುಮಕ್ಕಳನ್ನು ಆರಿಸಿ ಚೇಲಾಗಳೆಂಬ ಪಟಾಲಮುಗಳನ್ನು ಕಟ್ಟಿದನು. ಹಟ್ಟಿಯಲ್ಲಿ ಅಜ್ಜನ ಹಿಂದೆ ಹೋಗಿ ಹೆಜ್ಜೆ ಹಿಡಿಯುವುದನ್ನು ಕಲಿಯಬೇಕಾಗಿದ್ದ ವಯಸ್ಸಿನ ಹುಡುಗರು ಕಾವೇರಿಯ ದ್ವೀಪದಲ್ಲಿ ಕವಾಯತು ಕಲಿತರು. ಒಂದು ಜನಾಂಗದ ಕಣ್ಣನ್ನು ಕೀಳುವುದಕ್ಕೆ ಇದಕ್ಕಿಂತ ಖಂಡಿತವಾದ ಉಪಾಯವನ್ನು ನಾವು ಕಾಣೆವು. ಬೇಹಿನಿಂದ ಎಂತಹ ಕಾರ್ಯಗಳಾಗುವುವೆಂಬುದನ್ನು ಹೈದರನ ಮನೆತನವು ಚೆನ್ನಾಗಿ ಬಲ್ಲದು. 1791ನೆಯ ಇಸವಿ ಮೇ ತಿಂಗಳಿನಲ್ಲಿ ಟೀಪುವಿನ ಸವಾರರು ದಾರಿಗಳನ್ನೆಲ್ಲ ಕಟ್ಟಿ ಹರಿಕಾರರನ್ನು ಹಿಡಿದುಬಿಟ್ಟುದರಿಂದ, ಪರಶುರಾಮಭಾವು ಮತ್ತು ಹರಿಪಂತರ ಮರಾಠ ದಂಡುಗಳು ಸಮೀಪಕ್ಕೆ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಒಂದು ಚೀಟಿಯೂ ಮುಟ್ಟಲಿಲ್ಲ. ಅವನು ನಿರಾಶನಾಗಿ ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಿರುಗಿದನು. ಕೆಲವು ದಿನಗಳೊಳಗಾಗಿಯೇ ಎದುರಿಗೆ ಬಂದ ಕುದುರೆಯ ದಂಡನ್ನು ಅವನ ಜನರು ಶತ್ರುಗಳೆಂದು ತಿಳಿದು ಹೋರಾಟಕ್ಕೆ ಸಿದ್ಧರಾದರು, ಅವರು ಮಿತ್ರರಾಗಿದ್ದರು.

ದೊಡ್ಡೇರಿಯ ಸುತ್ತಣ ಬಯಲಿಗೆ ಬೇಹಿನ ಋಣವು ಇನ್ನೂ ತೀರಿದಂತಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಹಿಂದೆ ಮೈಸೂರು ಸೈನ್ಯದ ಎತ್ತುಗಳು ಮೇಯುತ್ತಿದ್ದ ಅಮೃತಮಹಲ್ ಕಾವಲುಗಳಿವೆ. ಅವುಗಳಲ್ಲಿ ಸುಮಾರು 10,000 ಎಕರೆಗಳು ರಕ್ಷಣಾ ಇಲಾಖೆಗೂ ವಿಜ್ಞಾನಸಂಸ್ಥೆಗಳಿಗೂ ಸೇರಿದವು. ಮೇವಿನ ನೆಲ ಹೋಯಿತೆಂದು ಸುತ್ತಲಿನ ಹಳ್ಳಿಗಳವರು ನ್ಯಾಯಾಲಯದವರೆಗೂ ಹೋದರು. ಅಲ್ಲಿ ಕಟ್ಟಿದ ವಿಮಾನಪರೀಕ್ಷಾ ಕ್ಷೇತ್ರದಿಂದ 2016ನೆಯ ಇಸವಿ ನವೆಂಬರ್ ತಿಂಗಳಲ್ಲಿ, ಆಳಿಲ್ಲದೆ ಹಾರಿ ಶತ್ರುವಿನ ನೆಲವನ್ನು ಮೇಲಿನಿಂದ ನೋಡಿಬರತಕ್ಕ ರುಸ್ತುಂ ಎಂಬ ವಿಮಾನವು ಮೊದಲ ಸಲ ಮೇಲೆದ್ದಿತು. ದೊಡ್ಡೇರಿಯ ಮುತ್ತಿಗೆಯೂ ನವೆಂಬರ್ ತಿಂಗಳಲ್ಲಿಯೇ ಆದುದೆಂಬುದು ಕಾಕತಾಳೀಯ. 2019ನೆಯ ಇಸವಿ ಸೆಪ್ಟೆಂಬರ್ 17ರ ಬೆಳಗ್ಗೆ ಅಂತಹ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ನೆಲಕ್ಕೆ ಬಿದ್ದಿತು. ಯಾರಿಗೂ ಅಪಾಯವಾಗಲಿಲ್ಲ. ಊರಿನವರು ಗುಂಪುಗೂಡಿ ಬಂದು, ರೆಕ್ಕೆ ಮುರಿದು ಬಿದ್ದಿದ್ದ ಆ ಬೇಹುಗಾರನ ಸುತ್ತಲೂ ನಿಂತು ಬಹಳ ಹೊತ್ತು ನೋಡಿದರು.